ಮನೆ ಅಂಗಳದ ಮೆಡಲ್ಲಿನ ಲೆಕ್ಕ

ಕೆಂಗೇರಿ ಉಪನಗರದಲ್ಲಿ ನಾನು ಬೆಳಗ್ಗೆ ಕಾಫಿ ಕುಡಿಯೋ ದರ್ಶಿನಿಯಲ್ಲಿ ಒಬ್ಬ ಮೇಷ್ಟ್ರು ಸಿಗ್ತಾರೆ. ಪಿ.ಟಿ. ಮೇಷ್ಟ್ರಾಗಿ ರಿಟೈರ್ ಆದವರು. ಕೊರಳಲ್ಲಿ ಈಗಲೂ ಸೀಟಿ ನೇತಾಡ್ತಾ ಇರುತ್ತೆ. 2025ರ ನವೆಂಬರ್ 26ರಂದು, 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ಗೆ ಸಿಕ್ಕಿತು ಅಂತ ನಾವೆಲ್ಲ ಬ್ರೇಕಿಂಗ್ ಹಾಕಿದ್ವಲ್ಲ, ಮಾರನೇ ದಿನ ಬೆಳಗ್ಗೆ ನನ್ನನ್ನ ಹಿಡಿದು ನಿಲ್ಲಿಸಿದರು. "ಏನ್ ಸಾರ್, ರಾತ್ರಿ ಟಿವೀಲಿ ಕುಣಿದಾಡಿಬಿಟ್ರಿ. ದೆಹಲೀಲಿ ನೂರಾ ಒಂದು ಮೆಡಲ್ ಬಂದಿತ್ತು ಅಂತ ಹತ್ತು ಸಲ ತೋರಿಸಿದ್ರಿ. ಅದರ ಮುಂದಿನ ಕೂಟದಲ್ಲಿ ಎಷ್ಟು ಬಂತು ಅಂತ ಒಂದ್ಸಲನಾದ್ರೂ ಹೇಳಿದ್ರಾ?"

ಹೇಳಿರಲಿಲ್ಲ. ಅವತ್ತು ರಾತ್ರಿಯ ಕಾರ್ಯಕ್ರಮದಲ್ಲಿ ಹೇಳಿದ್ದು ಇದು.

2010ರ ಅಕ್ಟೋಬರ್ ನೆನಪಿದೆಯಾ ನಿಮಗೆ? ಕೂಟ ಶುರುವಾಗೋಕೆ ಎರಡು ವಾರಕ್ಕೂ ಕಡಿಮೆ ಇರುವಾಗ, ಸೆಪ್ಟೆಂಬರ್ 21ಕ್ಕೆ, ಜವಾಹರಲಾಲ್ ನೆಹರೂ ಸ್ಟೇಡಿಯಂ ಪಕ್ಕದ ಪಾದಚಾರಿ ಸೇತುವೆ ಕುಸಿದು ಬಿತ್ತು. ಕ್ರೀಡಾಗ್ರಾಮದ ರೂಮುಗಳ ಫೋಟೊ ನೋಡಿ ವಿದೇಶದವರು ಮೂಗು ಮುರಿದರು. ದುಡ್ಡು ತಿಂದ ಕಥೆಗಳು ದಿನಾ ಹೊರಗೆ ಬರ್ತಾ ಇದ್ವು. ಸಂಘಟನಾ ಸಮಿತಿ ಅಧ್ಯಕ್ಷ ಸುರೇಶ್ ಕಲ್ಮಾಡಿ ಮುಂದಿನ ಏಪ್ರಿಲ್‌ನಲ್ಲಿ ಅರೆಸ್ಟ್ ಆದರು. ಅಂಥಾ ಹೊತ್ತಿನಲ್ಲಿ ಮಾನ ಉಳಿಸಿದ್ದು ಕ್ರೀಡಾಪಟುಗಳು. 38 ಚಿನ್ನ, 27 ಬೆಳ್ಳಿ, 36 ಕಂಚು. ಒಟ್ಟು 101.

ಕೊನೇ ದಿನ, ಅಕ್ಟೋಬರ್ 14. ಬೆಳಗ್ಗೆ ಇಂಗ್ಲೆಂಡ್ ಹತ್ತಿರ 37 ಚಿನ್ನ, ನಮ್ಮ ಹತ್ತಿರ 36. ಸಿರಿ ಫೋರ್ಟ್ ಅಂಗಳದಲ್ಲಿ ಜ್ವಾಲಾ ಗುಟ್ಟಾ ಜೊತೆ ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ ಬ್ಯಾಡ್ಮಿಂಟನ್ ಡಬಲ್ಸ್ ಗೆದ್ದರು. ಸಮ ಆಯ್ತು. ಆಮೇಲೆ ಸೈನಾ ನೆಹ್ವಾಲ್ ಮೊದಲ ಗೇಮ್ ಸೋತು, ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ಮಲೇಷ್ಯಾದ ಹುಡುಗಿಯನ್ನ ಸೋಲಿಸಿದರು. 38. ಆಸ್ಟ್ರೇಲಿಯಾ ಮೊದಲು, ನಾವು ಎರಡನೇ ಸ್ಥಾನ. ಅದೇ ದಿನ ಹಾಕಿ ಫೈನಲ್‌ನಲ್ಲಿ ಆಸ್ಟ್ರೇಲಿಯಾ ನಮಗೆ 8-0 ಕೊಟ್ಟಿತು. ಅದನ್ನ ಯಾರೂ ನೆನಪು ಇಟ್ಟುಕೊಳ್ಳಲಿಲ್ಲ. ಇಂಗ್ಲೆಂಡ್ ಒಟ್ಟು 142 ಪದಕ ಗೆದ್ದಿತ್ತು, ನಮಗಿಂತ 41 ಜಾಸ್ತಿ. ಪಟ್ಟಿ ಚಿನ್ನದ ಲೆಕ್ಕದಲ್ಲಿ ಕಟ್ಟೋದ್ರಿಂದ ನಾವು ಮೇಲೆ. ಅದನ್ನೂ ಯಾರೂ ಹೇಳಲಿಲ್ಲ.

ಈಗ ಮೇಷ್ಟ್ರ ಪ್ರಶ್ನೆಗೆ ಉತ್ತರ. ನಾಲ್ಕು ವರ್ಷದ ನಂತರ, 2014ರಲ್ಲಿ ಗ್ಲಾಸ್ಗೋದಲ್ಲಿ ನಮಗೆ ಬಂದಿದ್ದು 64 ಪದಕ. ಚಿನ್ನ 38ರಿಂದ 15ಕ್ಕೆ ಇಳಿಯಿತು. ಎರಡನೇ ಸ್ಥಾನದಿಂದ ಐದಕ್ಕೆ. ನಾಲ್ಕೇ ವರ್ಷದಲ್ಲಿ ನಮ್ಮ ಮಕ್ಕಳು ಆಟ ಮರೆತುಬಿಟ್ರಾ? ಇಲ್ಲ ಸ್ವಾಮಿ. ಆ ನೂರಾ ಒಂದರ ಒಳಗೆ ಏನೇನಿತ್ತು ಅಂತ ಗಂಟು ಬಿಚ್ಚಿ ನೋಡಬೇಕು.

ಮೊದಲನೇದು, ಕಾಮನ್‌ವೆಲ್ತ್‌ನಲ್ಲಿ ಯಾವ ಯಾವ ಆಟ ಇರಬೇಕು ಅನ್ನೋದರಲ್ಲಿ ಆತಿಥ್ಯ ವಹಿಸಿದ ದೇಶಕ್ಕೂ ಮಾತಿದೆ. ಕೆಲವು ಆಟ ಕಡ್ಡಾಯ, ಮಿಕ್ಕಿದ್ದನ್ನ ಆತಿಥೇಯರು ಆರಿಸಿಕೊಳ್ಳಬಹುದು. ಮದುವೆ ಮನೆಯವರು ಅಡುಗೆ ಏನು ಅಂತ ತೀರ್ಮಾನ ಮಾಡಿದ ಹಾಗೆ. ದೆಹಲಿಯಲ್ಲಿ ಬಿಲ್ಲುಗಾರಿಕೆ ಬಂತು, ನಮಗೆ 8 ಪದಕ. ಟೆನಿಸ್ ಬಂತು, 4 ಪದಕ. ಕುಸ್ತಿಯಲ್ಲಿ ಫ್ರೀಸ್ಟೈಲ್ ಜೊತೆಗೆ ಗ್ರೀಕೋ-ರೋಮನ್ ಅಂತ ಇನ್ನೊಂದು ಬಗೆ ಸೇರಿತು, ಸೊಂಟದಿಂದ ಮೇಲೆ ಮಾತ್ರ ಹಿಡಿಯೋ ಕುಸ್ತಿ ಅದು. ಅದರಲ್ಲಿ 7 ಪದಕ, 4 ಚಿನ್ನ. ಗ್ಲಾಸ್ಗೋದಲ್ಲಿ ಈ ಮೂರೂ ಇರಲೇ ಇಲ್ಲ. ಅಲ್ಲಿಗೆ 19 ಪದಕ ಹೋಯ್ತು, ಒಬ್ಬರೂ ಸೋಲದೆ. ಶೂಟಿಂಗ್‌ನಲ್ಲಿ ದೆಹಲಿಯಲ್ಲಿ ಜೋಡಿ ಸ್ಪರ್ಧೆಗಳು ಬೇಕಾದಷ್ಟಿದ್ದವು. ನಮಗೆ ಬಂದಿದ್ದು 30 ಪದಕ, ಅದರಲ್ಲಿ 14 ಚಿನ್ನ. ಗ್ಲಾಸ್ಗೋದಲ್ಲಿ ಆ ಜೋಡಿಗಳನ್ನ ಹೆಚ್ಚುಕಮ್ಮಿ ಎಲ್ಲಾ ತೆಗೆದರು. 17ಕ್ಕೆ ಇಳಿಯಿತು.

ಆದರೆ ಕುಸ್ತಿಯನ್ನ ಇನ್ನೊಂದು ಸಲ ನೋಡಿ. ಗ್ರೀಕೋ-ರೋಮನ್ ಬಿಟ್ಟರೆ ದೆಹಲಿಯಲ್ಲಿ ನಮ್ಮ ಪೈಲ್ವಾನರು, ಹುಡುಗಿಯರು ಸೇರಿ ಗೆದ್ದಿದ್ದು 12. ಗ್ಲಾಸ್ಗೋದಲ್ಲಿ ಅದೇ ಆಟದಲ್ಲಿ ಗೆದ್ದಿದ್ದು 13. ಒಂದು ಜಾಸ್ತಿ! 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮತ್ತೆ 12. ಹರಿಯಾಣದ ಅಖಾಡಾಗಳಿಗೆ ದೆಹಲಿಯ ಚಪ್ಪಾಳೆ ಬೇಕಾಗಿರಲಿಲ್ಲ ಅಂತ ಅರ್ಥ. ಮನೆಯಲ್ಲೂ ಅಷ್ಟೇ, ಪರದೇಶದಲ್ಲೂ ಅಷ್ಟೇ.

ಅಥ್ಲೆಟಿಕ್ಸ್‌ನಲ್ಲಿ ಕಥೆ ಉಲ್ಟಾ. ದೆಹಲಿಯಲ್ಲಿ 12 ಪದಕ. ಗ್ಲಾಸ್ಗೋದಲ್ಲಿ 3. 2018ರ ಗೋಲ್ಡ್ ಕೋಸ್ಟ್‌ನಲ್ಲೂ 3. ಬರ್ಮಿಂಗ್‌ಹ್ಯಾಮ್‌ನಲ್ಲಿ ಚೇತರಿಸಿಕೊಂಡು 8. ಮನೆ ಅಂಗಳದ ಲಾಭ ಅನ್ನೋದು ಇಲ್ಲಿ ಎದ್ದು ಕಾಣುತ್ತೆ. ದೆಹಲಿಗೆ ನಾವು ಇಳಿಸಿದ್ದು ಐನೂರರ ಹತ್ತಿರ ಕ್ರೀಡಾಪಟುಗಳನ್ನ. ರಗ್ಬಿಯಲ್ಲೂ ತಂಡ, ನೆಟ್‌ಬಾಲ್‌ನಲ್ಲೂ ತಂಡ. ಗ್ಲಾಸ್ಗೋಗೆ ಹೋಗಿದ್ದು ಇನ್ನೂರು ಚಿಲ್ಲರೆ. ಮನೆಯಲ್ಲೇ ಕೂಟ ಅಂದ್ರೆ ವಿಮಾನದ ಸುಸ್ತಿಲ್ಲ, ಹವಾ ಒಗ್ಗಿದೆ, ಊಟ ನಮ್ಮದೇ. ಮುಂಚೆ ಎಂದೂ ಇಲ್ಲದ ಹಾಗೆ ತಂಡದ ತಯಾರಿಗಂತಲೇ 678 ಕೋಟಿ ರೂಪಾಯಿ ಮಂಜೂರಾಗಿತ್ತು. ವಿದೇಶಿ ಕೋಚ್‌ಗಳು, ತಿಂಗಳುಗಟ್ಟಲೆ ಕ್ಯಾಂಪ್. ಜೊತೆಗೆ ಅರವತ್ತು ಸಾವಿರ ಜನ ಒಟ್ಟಿಗೆ ಕೂಗಿದರೆ ಕಾಲು ತಾನಾಗೇ ಓಡುತ್ತೆ.

ಇದು ನಮ್ಮೊಬ್ಬರ ಕಥೆ ಅಲ್ಲ. ಸ್ಕಾಟ್ಲೆಂಡ್ ದೆಹಲಿಗೆ ಬಂದಾಗ ಗೆದ್ದಿದ್ದು 9 ಚಿನ್ನ. ತನ್ನ ಗ್ಲಾಸ್ಗೋದಲ್ಲಿ ಕೂಟ ನಡೆದಾಗ 19. ಮುಂದಿನ ಸಲ ಗೋಲ್ಡ್ ಕೋಸ್ಟ್‌ನಲ್ಲಿ ಮತ್ತೆ 9. ಬೇಲೂರಿನ ಶಿಲ್ಪಿ ಅಳತೆ ಮಾಡಿ ಕೆತ್ತಿದ ಹಾಗಿದೆ ಲೆಕ್ಕ. ಆದರೆ ಅವರ ಒಟ್ಟು ಪದಕ ನೋಡಿ. 26, ಆಮೇಲೆ 53, ಆಮೇಲೆ 44. ಚಿನ್ನ ವಾಪಸ್ ಹೋಯ್ತು, ಒಟ್ಟು ಹೋಗಲಿಲ್ಲ. ಮನೆಯಲ್ಲಿ ಕೂಟ ಮಾಡಿದ್ದರಿಂದ ಅವರಿಗೆ ಏನೋ ಒಂದು ಉಳಿದುಕೊಂಡಿದೆ. ನಮಗೆ? 2006ರ ಮೆಲ್ಬರ್ನ್‌ನಲ್ಲಿ 50, ದೆಹಲಿಯಲ್ಲಿ 101, ಗ್ಲಾಸ್ಗೋದಲ್ಲಿ 64. ನಮಗೂ ಸ್ವಲ್ಪ ಉಳಿದಿದೆ ಅನ್ನಬಹುದು. ಆದರೆ 2002ರ ಮ್ಯಾಂಚೆಸ್ಟರ್‌ನಲ್ಲೇ ನಾವು 69 ಗೆದ್ದಿದ್ವಿ, 30 ಚಿನ್ನ. ಅದನ್ನ ಪಕ್ಕಕ್ಕಿಟ್ಟು ನೋಡಿದರೆ ಈ ಮಾತು ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.

ಅಷ್ಟು ದೂರ ಯಾಕೆ? 1997ರಲ್ಲಿ ಬೆಂಗಳೂರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಮೊದಲ ಸ್ಥಾನ ಕರ್ನಾಟಕಕ್ಕೆ. ಹೆಮ್ಮೆ ಪಟ್ಟಿದ್ದೇ ಪಟ್ಟಿದ್ದು. 1999ರಲ್ಲಿ ಮಣಿಪುರದಲ್ಲಿ ಆಯ್ತು, ಮೊದಲ ಸ್ಥಾನ ಮಣಿಪುರಕ್ಕೆ. 2001ರಲ್ಲಿ ಪಂಜಾಬ್, 2002ರಲ್ಲಿ ಆಂಧ್ರ. ಯಾರ ಮನೆಯಲ್ಲಿ ಪೂಜೆಯೋ ಅವರಿಗೇ ಮೊದಲ ಮಂಗಳಾರತಿ. ನಮ್ಮ ಕಂಠೀರವ, ಕೋರಮಂಗಲದ ಒಳಾಂಗಣ ಕ್ರೀಡಾಂಗಣ ಆ ಕೂಟದಿಂದ ಉಳಿದವು. ನ್ಯಾಷನಲ್ ಗೇಮ್ಸ್ ವಿಲೇಜ್ ಅಂದ್ರೆ ಇವತ್ತು ಜನ ಕೇಳೋದು ಫ್ಲ್ಯಾಟ್ ಬಾಡಿಗೆ ಎಷ್ಟು ಅಂತ.

ದೆಹಲಿಯಲ್ಲಿ ಗೆದ್ದ ನಮ್ಮ ಕನ್ನಡಿಗರ ಕಥೆ ಹೇಳದೆ ಇದು ಮುಗಿಯೋಲ್ಲ. ಮೈಸೂರಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ ದೆಹಲಿಯಲ್ಲಿ ಡಿಸ್ಕಸ್ ಎಸೆದದ್ದು 63.69 ಮೀಟರ್. ಬೆಳ್ಳಿ. ಗ್ಲಾಸ್ಗೋದಲ್ಲಿ ಎಸೆದದ್ದು 63.64. ಐದು ಸೆಂಟಿಮೀಟರ್ ಕಡಿಮೆ, ಬಂದಿದ್ದು ಚಿನ್ನ! ದೆಹಲಿಯಲ್ಲಿ ಆಸ್ಟ್ರೇಲಿಯಾದವನು ಒಬ್ಬ 65 ಮೀಟರ್ ದಾಟಿಸಿದ್ದ, ಗ್ಲಾಸ್ಗೋದಲ್ಲಿ ಯಾರೂ ದಾಟಿಸಲಿಲ್ಲ, ಅಷ್ಟೇ. ಪದಕದ ಬಣ್ಣ ನೋಡಿದರೆ ವಿಕಾಸ್ ಸುಧಾರಿಸಿದರು ಅಂತೀವಿ. ಟೇಪು ಹಿಡಿದರೆ ಇಬ್ಬರೂ ಅದೇ ವಿಕಾಸ್. ಶಿರಸಿ ಕಡೆಯ ಸೈನಿಕ ಕಾಶಿನಾಥ ನಾಯ್ಕ ದೆಹಲಿಯಲ್ಲಿ ಜಾವೆಲಿನ್‌ನಲ್ಲಿ 74.29 ಮೀಟರಿಗೆ ಕಂಚು ತಂದರು. ಆಗ ಯಾರೂ ತಿರುಗಿ ನೋಡಲಿಲ್ಲ. ಎಂಟು ವರ್ಷದ ಮೇಲೆ ನೀರಜ್ ಚೋಪ್ರಾ ಅದೇ ಕಾಮನ್‌ವೆಲ್ತ್‌ನಲ್ಲಿ 86.47 ಎಸೆದಾಗ ಗೊತ್ತಾಯ್ತು, ನಾವು ಎಲ್ಲಿಂದ ಹೊರಟಿದ್ದೆವು ಅಂತ.

ಇನ್ನೊಂದು ಕಥೆ ಹೇಳೋಕೆ ನನಗೆ ಇವತ್ತಿಗೂ ಕಷ್ಟ. ಅಕ್ಟೋಬರ್ 12, ಮಹಿಳೆಯರ 4x400 ರಿಲೇ. ಮನ್‌ಜೀತ್ ಕೌರ್, ಸಿನಿ ಜೋಸ್, ನಮ್ಮ ಕುಂದಾಪುರ ತಾಲೂಕು ಸಿದ್ದಾಪುರದ ಹತ್ತಿರದ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ, ಮನ್‌ದೀಪ್ ಕೌರ್. ಮೂರನೇ ಸುತ್ತಿನಲ್ಲಿ ಅಶ್ವಿನಿ ಮುಂದಿದ್ದ ನೈಜೀರಿಯಾದ ಓಟಗಾರ್ತಿಯನ್ನ ಹಿಂದೆ ಹಾಕಿದ ಆ ಓಟ ಇದೆಯಲ್ಲ, ಆ ದೃಶ್ಯವನ್ನ ಟಿವಿಗಳಲ್ಲಿ ಎಷ್ಟು ಸಲ ತೋರಿಸಿದರೋ ಲೆಕ್ಕವಿಲ್ಲ. 3 ನಿಮಿಷ 27.77 ಸೆಕೆಂಡು. ಚಿನ್ನ. ಮುಂದಿನ ತಿಂಗಳೇ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅಶ್ವಿನಿಗೆ ಇನ್ನೆರಡು ಚಿನ್ನ. ಕರಾವಳಿಯ ಕೃಷಿಕರ ಮನೆ ಮಗಳು ಇಡೀ ದೇಶದ ಮಗಳಾದಳು.

2011ರ ಮಧ್ಯದಲ್ಲಿ ಆ ನಾಲ್ವರಲ್ಲಿ ಮೂವರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು, ಅಶ್ವಿನಿಯೂ. ಕೋಚ್ ಕೊಟ್ಟ ಜಿನ್‌ಸೆಂಗ್ ಪುಡಿಯಲ್ಲಿ ಅದು ಬೆರೆತಿತ್ತು, ನಮಗೆ ತಿಳಿದಿರಲಿಲ್ಲ ಅಂದರು ಹುಡುಗಿಯರು. ಉಕ್ರೇನ್‌ನ ಕೋಚ್ ಯೂರಿ ಒಗೊರೊಡ್ನಿಕ್ ಕೆಲಸ ಹೋಯಿತು. ಇಲ್ಲಿನ ಸಮಿತಿ ಒಂದು ವರ್ಷ ನಿಷೇಧ ಹಾಕಿತು, ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನ ಎರಡು ಮಾಡಿತು. ದೆಹಲಿಯ ಚಿನ್ನ ಅವರ ಹತ್ತಿರವೇ ಉಳಿಯಿತು, ಆ ಪರೀಕ್ಷೆಗೂ ದೆಹಲಿಯ ಓಟಕ್ಕೂ ಸಂಬಂಧ ಇರಲಿಲ್ಲ. ಆದರೆ ನನ್ನನ್ನ ಕಾಡೋದು ಬೇರೆ. ಕೂಟ ನಮ್ಮ ಮನೆಯಲ್ಲಿ, ಪದಕ ಬೇಕೇ ಬೇಕು ಅಂತ ಕ್ಯಾಂಪ್ ಮೇಲೆ ಕ್ಯಾಂಪ್ ಹಾಕಿದೆವು. ಆ ಕ್ಯಾಂಪ್‌ನಲ್ಲಿ ಹುಡುಗಿಯರ ಬಾಯಿಗೆ ಏನು ಹೋಗ್ತಾ ಇದೆ ಅಂತ ನೋಡೋರು ಯಾರಿದ್ದರು? ಗೆದ್ದಾಗ ಕ್ಯಾಮೆರಾ ಹಿಡಿದು ಓಡಿದ ನಾವು, ಸಿಕ್ಕಿಬಿದ್ದಾಗ ಅದೇ ಕ್ಯಾಮೆರಾ ಹಿಡಿದು ಅದೇ ಮನೆ ಬಾಗಿಲಿಗೆ ಹೋದೆವು. ಇದು ನಮ್ಮ ತಪ್ಪೂ ಹೌದು.

ಹಾಗಾದರೆ ಪದಕ ತಯಾರಾಗೋದು ಎಲ್ಲಿ? ಕೆಂಗೇರಿ ಬಸ್ ಟರ್ಮಿನಲ್‌ನಿಂದ ಮೆಟ್ರೋ ಹತ್ತಿದರೆ ಪಟ್ಟಣಗೆರೆ, ಆಮೇಲೆ ಜ್ಞಾನಭಾರತಿ. ಎರಡೇ ಸ್ಟಾಪ್. ಆ ಜ್ಞಾನಭಾರತಿ ಆವರಣದಲ್ಲೇ ಕ್ರೀಡಾ ಪ್ರಾಧಿಕಾರದ ಕೇಂದ್ರ ಇದೆ, ಎಲ್ಲರೂ ಸಾಯ್ ಅಂತೀವಿ. ದೆಹಲಿಯಲ್ಲಿ 8-0 ತಿಂದ ಹಾಕಿ ತಂಡ ವರ್ಷಗಟ್ಟಲೆ ಬೆವರು ಸುರಿಸಿದ್ದು ಅಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಹುಡುಗರು, ಹುಡುಗಿಯರು ಎರಡೂ ತಂಡ ಗೇಟ್ ಒಳಗೇ ಸಿಕ್ಕಿಕೊಂಡಿದ್ದವು. ಚಪ್ಪಾಳೆ ಇಲ್ಲ, ಪ್ರೇಕ್ಷಕರಿಲ್ಲ. ಮುಂದಿನ ವರ್ಷ ಟೋಕಿಯೊದಲ್ಲಿ ಜರ್ಮನಿಯನ್ನ 5-4ರಿಂದ ಸೋಲಿಸಿ 41 ವರ್ಷದ ಮೇಲೆ ಒಲಿಂಪಿಕ್ಸ್ ಹಾಕಿ ಪದಕ ತಂದರು. ಪೂರ್ತಿ ಹೇಳಬೇಕು ಅಂದ್ರೆ, 2022ರ ಕಾಮನ್‌ವೆಲ್ತ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಮತ್ತೆ 7-0 ಕೊಟ್ಟಿತು. ಆಟ ಅಂದ್ರೆ ಹೀಗೇ.

ಈಗ ಮುಂದಿನ ಲೆಕ್ಕ. 2026ರ ಜುಲೈನಲ್ಲಿ ಗ್ಲಾಸ್ಗೋದಲ್ಲೇ ಮತ್ತೆ ಕಾಮನ್‌ವೆಲ್ತ್. ಹತ್ತೇ ಆಟ. ಶೂಟಿಂಗ್ ಇಲ್ಲ, ಕುಸ್ತಿ ಇಲ್ಲ, ಬ್ಯಾಡ್ಮಿಂಟನ್ ಇಲ್ಲ, ಹಾಕಿ ಇಲ್ಲ. ನಮ್ಮ ಪದಕ ಬಿದ್ದುಹೋಗುತ್ತೆ, ನಾವು ಟಿವಿಯವರು ಮುಖ ಸಪ್ಪಗೆ ಮಾಡ್ಕೊಂಡು ಕೂರ್ತೀವಿ. 2030ರಲ್ಲಿ ಅಹಮದಾಬಾದ್‌ನಲ್ಲಿ ಅಡುಗೆ ಮತ್ತೆ ನಮ್ಮ ಕೈಗೆ ಬರುತ್ತೆ. ಪದಕ ಏರುತ್ತೆ, ನಾವು ಮತ್ತೆ ಕುಣೀತೀವಿ. ಆ ಎರಡು ಸುದ್ದೀಲೂ ಅರ್ಧ ಸತ್ಯ ಮಾತ್ರ ಇರುತ್ತೆ. ಅದಕ್ಕೇ ಹೇಳ್ತಾ ಇದೀನಿ, ಆವತ್ತು ಒಟ್ಟು ಎಷ್ಟು ಅಂತ ಕೇಳಬೇಡಿ. ಓಟದ ಟೈಮ್ ಎಷ್ಟು, ಎಸೆತ ಎಷ್ಟು ಮೀಟರ್, ಹಿಂದಿನ ಕೂಟದಲ್ಲಿ ಇದ್ದ ಆಟದಲ್ಲೇ ಗೆದ್ದರಾ, ಅದನ್ನ ಕೇಳಿ.

ಕಾರ್ಯಕ್ರಮ ನೋಡಿದ ಮೇಷ್ಟ್ರು ಮಾರನೇ ದಿನ ಮತ್ತೆ ಸಿಕ್ಕಿದರು. ಹತ್ತು ಹನ್ನೊಂದು ಮಕ್ಕಳಿಗೆ ಬೆಳಗಿನ ಹೊತ್ತು ಓಟ ಹೇಳಿಕೊಡ್ತಾರೆ ಅವರು, ದುಡ್ಡು ಕಾಸು ಏನೂ ಇಲ್ಲದೆ. ಅದರಲ್ಲಿ ಒಬ್ಬ ಹುಡುಗಿಗೆ ಈಗ ಹದಿಮೂರು, ಬಲೇ ಓಡ್ತಾಳಂತೆ. "ಎಲ್ಲಾ ಸರಿಯಾಗಿ ಹೇಳಿದ್ರಿ ಸಾರ್" ಅಂದರು. "2030ಕ್ಕೆ ಅವಳಿಗೆ ಹದಿನೇಳೋ ಹದಿನೆಂಟೋ. ನನಗೆ ಅಹಮದಾಬಾದ್ ಬೇಡ. ಬೆಳಗ್ಗೆ ಆರರಿಂದ ಏಳೂವರೆವರೆಗೆ ಒಂದು ಗ್ರೌಂಡ್ ಸಿಗೋ ಹಾಗಿದ್ರೆ ಟಿವೀಲಿ ಹೇಳಿ." ಅಷ್ಟು ಹೇಳಿ ಲೋಟ ಕೆಳಗಿಟ್ಟು, ಗಡಿಯಾರ ನೋಡಿಕೊಂಡು ಹೊರಟರು. ಏಳೂವರೆಗೆ ಕ್ರಿಕೆಟ್‌ನವರು ಬಂದು ಜಾಗ ಹಿಡಿದುಬಿಡ್ತಾರಂತೆ.