ಮ್ಯಾಲ ಬಂದ್ ಬಿತ್ತಂದ್ರ ಬಾಜೂಕ ಏನೈತಿ?

ಎರಡನೇ ವರ್ಷದ ರಜೆಯಲ್ಲಿ ನಾವು ನಾಲ್ವರು ಗೆಳೆಯರು ಹುಬ್ಬಳ್ಳಿಯ ಗ್ಯಾರೇಜೊಂದಕ್ಕೆ ಹೋಗಿದ್ದೆವು. ಅಲ್ಲಿ ಮೂಲೆಯಲ್ಲಿ ಬಿದ್ದಿದ್ದ ಆರ್‌ಎಕ್ಸ್ 100 ಬೈಕಿನ ಎಂಜಿನ್ ನಮಗೆ ಬೇಕಿತ್ತು. ಬೈಕಿಗಲ್ಲ, ಪ್ಯಾರಾಮೋಟರ್ ಕಟ್ಟಲು. ಬೆನ್ನಿಗೊಂದು ಎಂಜಿನ್, ಅದರ ಹಿಂದೆ ಪ್ರೊಪೆಲ್ಲರ್, ತಲೆಯ ಮೇಲೆ ಬಟ್ಟೆಯ ರೆಕ್ಕೆ. ಹೊಲದಲ್ಲಿ ನಾಲ್ಕು ಹೆಜ್ಜೆ ಓಡಿದರೆ ಆಕಾಶ! ವಿಡಿಯೊ ನೋಡಿ ನಮಗೆ ತಿಳಿದಿದ್ದು ಇಷ್ಟೇ.

ಗ್ಯಾರೇಜಿನ ಕಾಕಾ ಎಲ್ಲ ಕೇಳಿಸಿಕೊಂಡು, ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು: ‘ತಮ್ಮಾ, ಗಾಡಿ ಬಂದ್ ಬಿತ್ತಂದ್ರ ರಸ್ತೆ ಬಾಜೂಕ ಹಚ್ತೀ. ಮ್ಯಾಲ ಬಂದ್ ಬಿತ್ತಂದ್ರ ಬಾಜೂಕ ಏನೈತಿ?’

ನಾವು ನಕ್ಕೆವು. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಒಂದು ವರ್ಷ ಬೇಕಾಯಿತು.

ಮೊದಲು ಲೆಕ್ಕ ಹಾಕಿದೆ. ಆರ್‌ಎಕ್ಸ್ 100 ಎಂಜಿನ್ 98 ಸಿಸಿ, 11 ಅಶ್ವಶಕ್ತಿ. ಅದರ ಹೊಟ್ಟೆಯಲ್ಲೇ ಗೇರ್‌ಬಾಕ್ಸ್ ಇದೆ. ಪ್ರೊಪೆಲ್ಲರ್‌ಗೆ ಅದು ಬರೀ ಭಾರ. ಪ್ಯಾರಾಮೋಟರ್‌ಗೆಂದೇ ಇಟಲಿಯಲ್ಲಿ ತಯಾರಾಗುವ ವಿಟ್ಟೊರಾಜಿ ಮೋಸ್ಟರ್ 185 ಎಂಜಿನ್ ಸುಮಾರು 25 ಅಶ್ವಶಕ್ತಿ ಕೊಡುತ್ತದೆ. ನಮ್ಮ ಕನಸಿನ ಅರ್ಧ ಅಲ್ಲಿಗೇ ಮುಗಿಯಿತು.

ಹಾಗೆಂದು ಹೆಚ್ಚು ಶಕ್ತಿಯಿದ್ದಷ್ಟೂ ಒಳ್ಳೆಯದು ಎಂದೂ ಅಲ್ಲ. ಪೈಲಟ್, ಎಂಜಿನ್, ಪೆಟ್ರೋಲ್, ರೆಕ್ಕೆ ಎಲ್ಲ ಸೇರಿ 110 ಕಿಲೊ ಎನ್ನೋಣ. ರೆಕ್ಕೆ ಒಂದು ಮೀಟರ್ ಇಳಿಯುವಷ್ಟರಲ್ಲಿ ಆರು ಮೀಟರ್ ಮುಂದೆ ಸಾಗುತ್ತದೆ ಎಂದಿಟ್ಟುಕೊಂಡರೆ, ಒಂದೇ ಎತ್ತರದಲ್ಲಿ ಹಾರಲು 110ರ ಆರನೇ ಒಂದು ಭಾಗ, ಅಂದರೆ 18 ಕಿಲೊದಷ್ಟು ನೂಕುಬಲ ಸಾಕು. ಉಳಿದದ್ದು ಮೇಲೇರಲು. ಹಗುರ ದೇಹದವರಿಗೆ ದೊಡ್ಡ ಎಂಜಿನ್ ಕಟ್ಟಿದರೆ ಅದರ ಭಾರ ಹೊತ್ತು ಓಡಬೇಕು; ಥ್ರಾಟಲ್ ಒತ್ತಿದಾಗ ಪ್ರೊಪೆಲ್ಲರ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ದೇಹವೂ ತಿರುಚಿಕೊಳ್ಳುತ್ತದೆ. ಆದ್ದರಿಂದ ಎಂಜಿನ್ ಆರಿಸುವ ಮೊದಲು ನಮ್ಮ ತೂಕ ನೋಡಿಕೊಳ್ಳಬೇಕು.

ಈ ಲೆಕ್ಕದಲ್ಲೇ ಕಾಕಾನ ಪ್ರಶ್ನೆಗೆ ಅರ್ಧ ಉತ್ತರವಿತ್ತು. ನಮ್ಮನ್ನು ಗಾಳಿಯಲ್ಲಿ ಹಿಡಿದಿಡುವುದು ಎಂಜಿನ್ ಅಲ್ಲ, ರೆಕ್ಕೆ. ನೂರು ಮೀಟರ್ ಎತ್ತರದಲ್ಲಿ ಎಂಜಿನ್ ನಿಂತರೂ ಗಾಳಿ ಶಾಂತವಾಗಿದ್ದರೆ ಐನೂರು, ಆರುನೂರು ಮೀಟರ್ ತೇಲಿಕೊಂಡು ಹೋಗಿ ಇಳಿಯಬಹುದು. ಆದರೆ ಅಷ್ಟರೊಳಗೆ ಇಳಿಯುವ ಜಾಗ ಇರಬೇಕಲ್ಲ?

ಇದನ್ನು ಕಣ್ಣಾರೆ ನೋಡಲು ಪುಣೆ ಸಮೀಪದ ಕಾಮಶೇತ್‌ಗೆ ಹೋಗಿ ಪ್ಯಾರಾಗ್ಲೈಡಿಂಗ್‌ನ ಆರಂಭಿಕ ತರಬೇತಿ ಪಡೆದೆ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಅಲ್ಲಿ ಖರ್ಚಾಯಿತು. ಮೊದಲ ಎರಡು ದಿನ ನೆಲ ಬಿಟ್ಟು ಏಳಲೇ ಇಲ್ಲ. ರೆಕ್ಕೆ ಬಿಡಿಸುವುದು, ದಾರ ಬಿಡಿಸುವುದು, ಗಾಳಿಗೆ ಎಬ್ಬಿಸುವುದು, ಅದು ಪಕ್ಕಕ್ಕೆ ವಾಲಿದರೆ ಅದರಡಿಗೆ ಓಡುವುದು, ಮತ್ತೆ ಮಡಚುವುದು. ಅಲ್ಲಿದ್ದ ಪೈಲಟ್ ಒಬ್ಬರು ತಮ್ಮ ಪ್ಯಾರಾಮೋಟರ್ ಅನ್ನು ನನ್ನ ಬೆನ್ನಿಗೇರಿಸಿ, ಎಂಜಿನ್ ಬಂದ್ ಇಟ್ಟೇ, ‘ಈಗ ಓಡು’ ಎಂದರು. ಪೆಟ್ರೋಲ್ ಸೇರಿ ಮೂವತ್ತು ಕಿಲೊ. ಅರ್ಧ ಚೀಲ ಜೋಳ ಹೊತ್ತು ಓಡಿದ ಹಾಗಾಯಿತು. ಐವತ್ತು ಹೆಜ್ಜೆಗೇ ತೊಡೆ ನಡುಗಿದವು.

ಅದೇ ವಾರ ಗೆಳೆಯನ ಫೋನ್ ಬಂತು. ಹೊರ ರಾಜ್ಯದವರೊಬ್ಬರು ಹಳೆಯ ಪ್ಯಾರಾಮೋಟರನ್ನು ರೆಕ್ಕೆ ಸಮೇತ ಅಗ್ಗಕ್ಕೆ ಕೊಡುತ್ತಾರಂತೆ, ಐದು ಸಾವಿರ ಮುಂಗಡ ಕೊಟ್ಟಾಗಿದೆ ಎಂದ. ‘ನೋಡದೇ ಉಳಿದದ್ದು ಕೊಡಬ್ಯಾಡಲೇ’ ಎಂದೆ. ಇಬ್ಬರೂ ಹೋಗಿ ನೋಡಿದೆವು. ಎಂಜಿನ್ ಒಂದೇ ಎಳೆತಕ್ಕೆ ಶುರುವಾಯಿತು, ಗೆಳೆಯ ಕುಣಿದಾಡಿದ. ನಾನು ರೆಕ್ಕೆ ಬಿಡಿಸಿದೆ. ಬಣ್ಣ ಮಾಸಿತ್ತು. ಬಟ್ಟೆಗೆ ಬಾಯಿ ಇಟ್ಟು ಊದಿದರೆ ಉಸಿರು ಆಚೆ ಹೋಗುತ್ತಿತ್ತು. ರೆಕ್ಕೆಯ ಬಟ್ಟೆ ಗಾಳಿಯನ್ನು ತಡೆದು ಹಿಡಿಯಬೇಕು. ಬಿಸಿಲಿಗೆ ಸವೆದ ಬಟ್ಟೆ ಅದನ್ನು ಬಿಟ್ಟುಕೊಡುತ್ತದೆ. ದಾರಗಳ ಬಲ ಪರೀಕ್ಷಿಸಿದ ದಾಖಲೆ ಇರಲಿಲ್ಲ. ತುರ್ತು ಪ್ಯಾರಾಶೂಟ್ ಇರಲೇ ಇಲ್ಲ. ಬೇಡ ಎಂದು ಎದ್ದು ಬಂದೆವು. ಐದು ಸಾವಿರ ಹೋಯಿತು. ಗೆಳೆಯ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದ.

ಹಳೆಯದನ್ನು ಕೊಳ್ಳುವವರು ಎಂಜಿನ್ನಿನ ಸದ್ದಿಗೆ ಮರುಳಾಗಬಾರದು. ರೆಕ್ಕೆಯ ವಯಸ್ಸು, ಹಾರಿದ ಗಂಟೆ, ಕೊನೆಯ ತಪಾಸಣೆಯ ಕಾಗದ ಕೇಳಬೇಕು. ರೆಕ್ಕೆಗಳಿಗೆ ಯುರೋಪಿನ ಇಎನ್ ಮಾನದಂಡದಲ್ಲಿ ಎ, ಬಿ, ಸಿ, ಡಿ ಎಂಬ ದರ್ಜೆಗಳಿವೆ, ಕಲಿಯುವವರಿಗೆ ಎ. ಹೊಲಿಗೆ, ಬಕಲ್, ರೆಕ್ಕೆಯನ್ನೂ ನಮ್ಮನ್ನೂ ಜೋಡಿಸುವ ಕೊಂಡಿಗಳನ್ನು ನೋಡಬೇಕು. ಹೆಲ್ಮೆಟ್, ಕಿವಿಗೆ ರಕ್ಷಣೆ, ಹಿಮ್ಮಡಿ ಹಿಡಿಯುವ ಬೂಟು, ತುರ್ತು ಪ್ಯಾರಾಶೂಟ್ ಇವು ಮೊದಲ ದಿನದಿಂದಲೇ ಬೇಕು. ಟೂ ಸ್ಟ್ರೋಕ್ ಎಂಜಿನ್ನಿಗೆ ತಯಾರಕರು ಹೇಳಿದಷ್ಟೇ ಆಯಿಲ್ ಬೆರೆಸಬೇಕು. ಶೇ 2 ಎಂದಿದ್ದರೆ ಹತ್ತು ಲೀಟರ್ ಪೆಟ್ರೋಲ್‌ಗೆ 200 ಮಿಲಿ. ಇನ್ನು ಪ್ರೊಪೆಲ್ಲರ್: ಥ್ರಾಟಲ್ ಸಿಕ್ಕಿಕೊಂಡಿರುವಾಗ ಎಂಜಿನ್ ಎಳೆದವರು ಬೆರಳು ಕಳೆದುಕೊಂಡಿದ್ದಾರೆ. ಶುರು ಮಾಡುವ ಮುನ್ನ ಥ್ರಾಟಲ್ ಪೂರ್ತಿ ಹಿಂದಕ್ಕೆ ಬಂದಿದೆಯೇ, ಬಂದ್ ಮಾಡುವ ಗುಂಡಿ ಕೆಲಸ ಮಾಡುತ್ತದೆಯೇ ಎಂದು ನೋಡಲೇಬೇಕು.

ನಮ್ಮೂರಿನ ಗಾಳಿಗೂ ತನ್ನದೇ ಲೆಕ್ಕವಿದೆ. ಅವಳಿ ನಗರ ಸಮುದ್ರಮಟ್ಟದಿಂದ ಸುಮಾರು 650ರಿಂದ 750 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ 35 ಡಿಗ್ರಿ ಬಿಸಿಲಿದ್ದರೆ, ಸಮುದ್ರಮಟ್ಟದಲ್ಲಿ 15 ಡಿಗ್ರಿಯಲ್ಲಿರುವ ಗಾಳಿಗಿಂತ ಇಲ್ಲಿನ ಗಾಳಿ ಸುಮಾರು ಶೇ 14ರಷ್ಟು ತೆಳು. ಎಂಜಿನ್ನಿನ ಶಕ್ತಿ ಕುಗ್ಗುತ್ತದೆ, ನೆಲ ಬಿಡಲು ಶೇ 7–8ರಷ್ಟು ಹೆಚ್ಚು ವೇಗದಲ್ಲಿ ಓಡಬೇಕಾಗುತ್ತದೆ. ಜೊತೆಗೆ ನವಲಗುಂದದ ಕಡೆಯ ಎರಿ ಹೊಲಗಳು ಕಾದಂತೆ ಬಿಸಿಗಾಳಿ ಮೇಲೇಳುತ್ತದೆ. ಅದರಲ್ಲಿ ಸಿಕ್ಕ ರೆಕ್ಕೆ ಮುದುಡಬಹುದು. ಅದಕ್ಕೇ ಸೂರ್ಯೋದಯದ ನಂತರದ ಎರಡು ಗಂಟೆ, ಸೂರ್ಯಾಸ್ತಕ್ಕೆ ಮುಂಚಿನ ಎರಡು ಗಂಟೆ ಹಾರಾಟಕ್ಕೆ ಒಳ್ಳೆಯ ಹೊತ್ತು. ಗದಗದ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿಯಲ್ಲಿ ರೆಕ್ಕೆ ಬಿಡಿಸಲೇಬಾರದು. ಈ ರೆಕ್ಕೆಗಳ ವೇಗವೇ ಗಂಟೆಗೆ 40ರಿಂದ 60 ಕಿ.ಮೀ. ಎದುರು ಗಾಳಿಯೂ ಅಷ್ಟೇ ಇದ್ದರೆ ಮುಂದೆ ಹೋಗುವುದೆಲ್ಲಿ?

ಇಳಿಯುವ ಹೊಲವನ್ನು ಏರುವ ಮೊದಲೇ ಗುರುತಿಸಿರಬೇಕು. ಹೊಲದ ಮಾಲೀಕರನ್ನು ಕೇಳಿರಬೇಕು. ಬೆಳೆದು ನಿಂತ ಹಿಂಗಾರಿ ಜೋಳದಲ್ಲಿ ಇಳಿದರೆ ನಮ್ಮ ಮೋಜಿಗೆ ಅವರ ಬೆಳೆ ಹಾಳು. ಎತ್ತುಗಳು ಸದ್ದಿಗೆ ಬೆದರುತ್ತವೆ. ವಿದ್ಯುತ್ ತಂತಿಗಳು ಮೇಲಿನಿಂದ ಕಾಣುವುದಿಲ್ಲ, ಕಂಬಗಳು ಕಾಣುತ್ತವೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಎಂದೇ ತಿಳಿಯಬೇಕು. ನೀರಿನ ಮೇಲಂತೂ ದಡಕ್ಕೆ ತೇಲಿ ಬರುವಷ್ಟು ಎತ್ತರ ಇಲ್ಲದಿದ್ದರೆ ಹೋಗಲೇಬಾರದು. 2020ರ ಅಕ್ಟೋಬರ್‌ನಲ್ಲಿ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಇಂಥ ಹಾರಾಟದಲ್ಲಿದ್ದ ನೌಕಾಪಡೆಯ ಅಧಿಕಾರಿಯೊಬ್ಬರು ಸಮುದ್ರಕ್ಕೆ ಬಿದ್ದು ಮೃತಪಟ್ಟರು. ಅವರು ಸಮುದ್ರವನ್ನೇ ವೃತ್ತಿಯಾಗಿಸಿಕೊಂಡವರು. ಬೆನ್ನಿಗೆ ಎಂಜಿನ್, ಸುತ್ತ ದಾರಗಳು ಇರುವಾಗ ಈಜು ಬಂದರೂ ಸಾಲದು.

ಅನುಮತಿಯನ್ನೂ ಮರೆಯುವಂತಿಲ್ಲ. ದೇಶದ ಆಕಾಶಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಿವೆ. ನಮ್ಮಲ್ಲಿ ಗೋಕುಲ ರಸ್ತೆಯಲ್ಲೇ ವಿಮಾನ ನಿಲ್ದಾಣವಿದೆ. ಮನಸ್ಸಿಗೆ ಬಂದಲ್ಲಿ ಹಾರುವುದು ವಿಮಾನದ ಪ್ರಯಾಣಿಕರ ಜೀವದ ಜೊತೆ ಆಟ. ಪೊಲೀಸರಿಗೂ ಜಿಲ್ಲಾಡಳಿತಕ್ಕೂ ತಿಳಿಸದೆ ಹಾರುವ ಮಾತೇ ಇಲ್ಲ.

ಇಷ್ಟೆಲ್ಲ ಓದಿ ‘ಹಾರಲೇಬೇಡಿ ಅಂತೀಯಾ?’ ಎನ್ನಬೇಡಿ. 2016ರಲ್ಲಿ ನಮ್ಮ ವಾಯುಪಡೆಯ ತಂಡ ‘ಪ್ರದಕ್ಷಿಣ’ ಹೆಸರಿನಲ್ಲಿ ಪ್ಯಾರಾಮೋಟರ್‌ಗಳಲ್ಲೇ ದೇಶ ಸುತ್ತಿ 10,000 ಕಿ.ಮೀ.ಗೂ ಹೆಚ್ಚು ಕ್ರಮಿಸಿತು. ಯಂತ್ರ ಅದೇ ಬಗೆಯದು. ಅವರ ಹಿಂದೆ ಇದ್ದದ್ದು ತರಬೇತಿ ಮತ್ತು ಶಿಸ್ತು.

ನಾವು ನಾಲ್ವರೂ ಈಗ ದುಡ್ಡು ಖರ್ಚು ಮಾಡುವ ಕ್ರಮವನ್ನೇ ತಿರುಗಿಸಿದ್ದೇವೆ. ಮೊದಲು ತರಬೇತಿ, ನಂತರ ರೆಕ್ಕೆ ಮತ್ತು ತುರ್ತು ಪ್ಯಾರಾಶೂಟ್, ಕೊನೆಗೆ ಎಂಜಿನ್. ಕೆಲಸ ಸಿಕ್ಕ ಮೇಲೆ ಕೊಳ್ಳುವುದಾದರೂ ಸರಿ. ಮಾತು ಬಿಟ್ಟಿದ್ದ ಗೆಳೆಯ ಮುಂದಿನ ರಜೆಗೆ ಕಾಮಶೇತ್‌ಗೆ ಹೊರಟಿದ್ದಾನೆ.

ಮೊನ್ನೆ ಗ್ಯಾರೇಜಿಗೆ ಹೋಗಿದ್ದೆ. ಆರ್‌ಎಕ್ಸ್ ಎಂಜಿನ್ ಅದೇ ಮೂಲೆಯಲ್ಲಿದೆ. ‘ಏನ್ ತಮ್ಮಾ, ಬಾಜೂಕ ಏನೈತಿ, ಗೊತ್ತಾತ?’ ಎಂದರು ಕಾಕಾ.

‘ಹೊಲ ಐತಿ ಕಾಕಾ. ಆದ್ರ ಏರೂಕಿಂತ ಮೊದಲ ಹುಡುಕಿರಬೇಕು’ ಎಂದೆ.

ಕಾಕಾ ತಲೆಯಾಡಿಸಿ ಮತ್ತೆ ಪಾನಾ ಎತ್ತಿಕೊಂಡರು.