ತೋಟದ ಮಣ್ಣಿನಲ್ಲೊಂದು ಪುಟ್ಟ ದೀಪ

ಮಳೆಗಾಲಕ್ಕೆ ಮುಂಚಿನ ಒಂದು ರಾತ್ರಿ. ವಿಟ್ಲದ ನಮ್ಮ ಮನೆಯಲ್ಲಿ ಕರೆಂಟು ಹೋಗಿತ್ತು. ಜಗಲಿಯಲ್ಲಿ ಕುಳಿತಿದ್ದ ಪುಳ್ಳಿ ತೋಟದ ಕಡೆಯ ಮಿಂಚುಹುಳಗಳನ್ನು ಎಣಿಸಿದಳು.

“ಅಜ್ಜಾ, ಏಳೇ ಏಳು! ನೀವು ಸಣ್ಣದಿರುವಾಗ ಮರ ತುಂಬ ಇರುತ್ತಿತ್ತು ಅಂತ ಹೇಳಿದ್ದಿರಲ್ಲ?”

ನನಗೆ ಮಾತು ಹೊರಡಲಿಲ್ಲ. ಅಡಿಕೆ ಮರದ ಬೇರುಹುಳ ಕೊಲ್ಲಲೆಂದು ವರ್ಷ ವರ್ಷವೂ ಬುಡಕ್ಕೆ ವಿಷ ಹೊಯ್ದವನು ನಾನೇ. ಮಿಂಚುಹುಳದ ಮರಿಗಳು ಬೆಳೆಯುವುದೂ ಅದೇ ಮಣ್ಣಿನಲ್ಲಿ.

ಮೆಲ್ಲನೆ ಅವಳಿಗೆ ಬೆಳಕಿನದೇ ಇನ್ನೊಂದು ಕಥೆ ಹೇಳಿದೆ. ಮಕ್ಕಳೇ, ನೀವೂ ಕೇಳಿ.

ಮಣ್ಣಿನಲ್ಲಿ ಹೆಟೆರೊರಾಬ್ಡೈಟಿಸ್ ಎಂಬ ಜಂತುಹುಳು ಇದೆ. ಮರಿಯ ಉದ್ದ ಅರ್ಧ ಮಿಲಿಮೀಟರಿನಷ್ಟು. ಅದರ ಹೊಟ್ಟೆಯಲ್ಲಿ ಫೋಟೊರಾಬ್ಡಸ್ ಎಂಬ ಬ್ಯಾಕ್ಟೀರಿಯಾ ವಾಸ. ಜಂತು ಬೇರೊಂದು ಕೀಟದೊಳಗೆ ನುಗ್ಗಿ ಈ ಬ್ಯಾಕ್ಟೀರಿಯಾವನ್ನು ಬಿಟ್ಟರೆ ಒಂದೆರಡು ದಿನದಲ್ಲಿ ಕೀಟ ಸಾಯುತ್ತದೆ. ಕಗ್ಗತ್ತಲಲ್ಲಿ ಕಣ್ಣು ಪಳಗಿಸಿಕೊಂಡು ನೋಡಿದರೆ ಆ ಸತ್ತ ಕೀಟ ಮಂದವಾಗಿ ಬೆಳಗುತ್ತದೆ! ಅಡಿಕೆಯ ಬೇರುಹುಳದ ಹತೋಟಿಗೂ ವಿಜ್ಞಾನಿಗಳು ಇಂಥ ಜಂತುಹುಳುಗಳನ್ನು ಪರೀಕ್ಷಿಸಿದ್ದಾರೆ.

“ಬ್ಯಾಟರಿ ಇಲ್ಲದೆ ಹೇಗೆ ಅಜ್ಜಾ?”

ಬ್ಯಾಕ್ಟೀರಿಯಾದ ಒಳಗೆ ಲೂಸಿಫರೇಸ್ ಎಂಬ ಕಿಣ್ವವಿದೆ. ಅದು ಕೋಶವೇ ತಯಾರಿಸಿದ ಇಂಧನವನ್ನು ಆಮ್ಲಜನಕದೊಡನೆ ಸೇರಿಸಿದಾಗ ನೀಲಿ-ಹಸಿರು ಬೆಳಕು ಹೊರಡುತ್ತದೆ. ಕೋಶ ಸತ್ತರೆ ದೀಪವೂ ಆರುತ್ತದೆ. ಹಾಗಾಗಿ ಯಾವ ಕೋಶ ಬದುಕಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಗುರುತು ಬೇಕೆ? ಸೂಕ್ಷ್ಮದರ್ಶಕದಲ್ಲಿ ಹೊಳೆಯುವ ಬಣ್ಣ ನೋಡಬೇಕಾದರೆ ಹೊರಗಿನಿಂದ ತೀಕ್ಷ್ಣ ಬೆಳಕು ಬಿಡಬೇಕು. ಆ ಬೆಳಕಿನಿಂದಲೇ ಕೋಶಕ್ಕೆ ಪೆಟ್ಟು ಬೀಳಬಹುದು. ಒಳಗಿನ ದೀಪಕ್ಕೆ ಆ ತೊಂದರೆಯಿಲ್ಲ. ಆದರೆ ಒಂದೇ ಕೋಶದ ಬೆಳಕು ತೀರಾ ಮಂಕು.

ಜರ್ಮನಿಯ ಗಟಿಂಗೆನ್‌ನಲ್ಲಿ ಕರೋಲಾ ಗ್ರೆಗೋರ್ ಮತ್ತು 2014ರಲ್ಲಿ ನೊಬೆಲ್ ಪಡೆದ ಸ್ಟೆಫಾನ್ ಹೆಲ್ ಅವರ ತಂಡ ಇದಕ್ಕೆ ದಾರಿ ಹುಡುಕಿತು. ಫೋಟೊರಾಬ್ಡಸ್‌ನ ಬೆಳಕಿನ ಜೀನುಗಳನ್ನು ಅಲ್ಲಲ್ಲಿ ಬದಲಿಸಿ, ಹೆಚ್ಚು ಬೆಳಗಿದವನ್ನು ಆರಿಸಿ, ಸಮುದ್ರದ ಬ್ಯಾಕ್ಟೀರಿಯಾದಿಂದ ಇನ್ನೊಂದು ಜೀನು ಸೇರಿಸಿದರು. 2018ರಲ್ಲಿ ಪ್ರಕಟವಾದ ಈ ‘ಐಲಕ್ಸ್’ ಸುಮಾರು ಏಳು ಪಟ್ಟು ಪ್ರಕಾಶಮಾನ. ಒಂಟಿ ಬ್ಯಾಕ್ಟೀರಿಯಾವನ್ನೂ ಬಹಳ ಹೊತ್ತು ನೋಡುತ್ತಿರಬಹುದು.

ಒಳ್ಳೆಯದನ್ನು ಆರಿಸುವ ವಿದ್ಯೆ ನಮಗೆ ಹೊಸತಲ್ಲ. ತಾಯಿಮರ ನೋಡಿಯೇ ನಾವು ಬೀಜದ ಅಡಿಕೆ ಇಡುವುದು. ವಿಟ್ಲದ ಸಂಶೋಧನಾ ಕೇಂದ್ರದ ‘ಮಂಗಳ’ ತಳಿಯೂ ಆಯ್ಕೆಯಿಂದಲೇ ಬಂದದ್ದು.

ಕಥೆ ಮುಗಿಯಿತು. ಪುಳ್ಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಹಾಗಾದರೆ ವಿಷ ಹಾಕಿದರೆ ಆ ಮಣ್ಣಿನ ದೀಪಗಳೂ ಆರುತ್ತವಾ?”

ಈ ವರ್ಷ ನಾನು ವಿಷದ ಡಬ್ಬಿ ತರಲಿಲ್ಲ. ಬೇರುಹುಳಗಳನ್ನು ಅಗೆದು ಹೆಕ್ಕಿಸುತ್ತಿದ್ದೇನೆ. ಕೆಲಸ ಜಾಸ್ತಿ, ಬೆನ್ನು ನೋಯುತ್ತದೆ. ಪುಳ್ಳಿ ನೋಟುಪುಸ್ತಕದ ಕೊನೆಯ ಪುಟದಲ್ಲಿ ‘7’ ಎಂದು ಬರೆದಿಟ್ಟಿದ್ದಾಳೆ. ಬರುವ ವರ್ಷ ಮತ್ತೆ ಎಣಿಸಬೇಕಂತೆ.