ಕರುವಿನ ತಂದೆ ಯಾರು? ಬರೆದಿಟ್ಟಿದ್ದೀರಾ?

ಮಣಕ ಬೆದೆಗೆ ಬಂತೆಂದು ಸಂಘಕ್ಕೆ ಫೋನ್ ಮಾಡುತ್ತೀರಿ. ಕೃತಕ ಗರ್ಭಧಾರಣೆ ಕಾರ್ಯಕರ್ತರು ಬಂದು ಕಡ್ಡಿ ಹಾಕಿ ಹೋಗುತ್ತಾರೆ. ಯಾವ ತಳಿ ಎಂದು ಕೇಳಿದರೆ ಎಚ್.ಎಫ್. ಅಥವಾ ಜರ್ಸಿ ಎನ್ನುತ್ತಾರೆ. ಯಾವ ಹೋರಿ ಎಂದು ಕೇಳುವವರು ಕಡಿಮೆ. ಆ ಮಣಕದ ತಂದೆಯೂ ಅದೇ ಹೋರಿಯಾಗಿದ್ದರೆ?

ಇದು ಆಗದ ಮಾತೇನಲ್ಲ. ಒಂದು ಹೋರಿಯಿಂದ ವರ್ಷಕ್ಕೆ ಸಾವಿರಾರು ಕಡ್ಡಿ ತಯಾರಾಗುತ್ತವೆ, ದ್ರವ ಸಾರಜನಕದಲ್ಲಿ ಅವು ಎಷ್ಟೋ ವರ್ಷ ಕೆಡುವುದಿಲ್ಲ. ಇಂದು ಕಡ್ಡಿ ಹಾಕಿಸಿದರೆ ಒಂಬತ್ತು ತಿಂಗಳಿಗೆ ಕರು. ಮೇವು, ಹಿಂಡಿ ಚೆನ್ನಾಗಿದ್ದರೆ ಆ ಮಿಶ್ರತಳಿ ಕರು 15-18 ತಿಂಗಳಿಗೆ ಗರ್ಭಧಾರಣೆಗೆ ಸಿದ್ಧ. ಎರಡು ವರ್ಷ ಚಿಲ್ಲರೆಯಲ್ಲಿ ಮಗಳಿಗೆ ಅಪ್ಪನ ಕಡ್ಡಿಯೇ ಬೀಳಬಹುದು. ಹೋರಿ ಬಿಟ್ಟು ಗಬ್ಬ ಮಾಡಿಸುವ ಊರಲ್ಲಂತೂ ಕೇಳುವುದೇ ಬೇಡ. ದೇವರ ಬಸವ ಹತ್ತು ವರ್ಷ ಓಡಾಡಿದರೆ ಮಗಳು, ಮೊಮ್ಮಗಳು ಎಂಬ ಲೆಕ್ಕ ಅದಕ್ಕೆಲ್ಲಿ?

ತಳಿ ಒಂದೇ ಆದರೆ ತೊಂದರೆಯಿಲ್ಲ, ರಕ್ತ ಒಂದೇ ಆದರೆ ತೊಂದರೆ. ಪ್ರತಿ ಗುಣಕ್ಕೂ ಕರುವಿಗೆ ಎರಡು ಬೀಜ ಬರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಕೆಟ್ಟದಿದ್ದರೂ ಇನ್ನೊಂದು ಒಳ್ಳೆಯದು ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ನೋಡಲು ಗಟ್ಟಿಮುಟ್ಟಾದ ಹೋರಿಯೂ ಒಳಗೊಂದು ದೋಷ ಹೊತ್ತಿರಬಹುದು. ಅದರ ಹೆಣ್ಣುಕರುಗಳಲ್ಲಿ ಅರ್ಧಕ್ಕೆ ಆ ದೋಷ ಹೋಗುತ್ತದೆ. ಅವಕ್ಕೆ ಮತ್ತೆ ಅಪ್ಪನನ್ನೇ ಕೊಟ್ಟರೆ ನಾಲ್ಕರಲ್ಲಿ ಒಂದು ಕರುವಿಗೆ ಎರಡೂ ಕೆಟ್ಟ ಬೀಜ ಸೇರುತ್ತವೆ. ಒಟ್ಟು ಲೆಕ್ಕದಲ್ಲಿ ಎಂಟು ಕರುವಿಗೆ ಒಂದು.

ನಮ್ಮಲ್ಲಿ ಸೋದರಮಾವನಿಗೆ ಕೊಡುವ ವಾಡಿಕೆ ಉಂಟು, ಆಸ್ಪತ್ರೆಯಲ್ಲಿ 'ರಕ್ತಸಂಬಂಧವೇ?' ಎಂದು ಕೇಳುವುದೂ ಉಂಟು. ಸೋದರಮಾವ-ಸೊಸೆಯ ಮಗುವಿನಲ್ಲಿ ಒಂದೇ ಮೂಲದ ಜೋಡಿ ಸೇರುವ ಸಂಭವ ನೂರಕ್ಕೆ 12.5. ದನದಲ್ಲಿ ಅಪ್ಪ-ಮಗಳ ಕರುವಿಗೆ ಅದು 25, ಅಜ್ಜ-ಮೊಮ್ಮಗಳ ಕರುವಿಗೆ 12.5.

ಮನೆಯಲ್ಲಿ ಮಕ್ಕಳು ಮೊಲ ಸಾಕಿದ್ದರೆ ಇದನ್ನು ಕಣ್ಣಾರೆ ಕಾಣಬಹುದು. ಮೊಲಕ್ಕೆ ಗಬ್ಬ ಒಂದೇ ತಿಂಗಳು, ಮರಿಗಳು ನಾಲ್ಕೈದು ತಿಂಗಳಿಗೆ ಪ್ರಾಯಕ್ಕೆ ಬರುತ್ತವೆ. ಒಂದೇ ಗೂಡಿನಲ್ಲಿ ಅಣ್ಣತಂಗಿ ಬಿಟ್ಟರೆ ಒಂದೆರಡು ವರ್ಷದಲ್ಲೇ ಮರಿ ಕಡಿಮೆಯಾಗುವುದು, ಸಾಯುವುದು, ಹಲ್ಲು ವಕ್ರವಾಗಿ ಬೆಳೆದು ಹುಲ್ಲು ತಿನ್ನಲಾಗದ ಮರಿ ಹುಟ್ಟುವುದು ಶುರುವಾಗಬಹುದು. (ಮೂರು ತಿಂಗಳಾಗುತ್ತಲೇ ಗಂಡು-ಹೆಣ್ಣು ಬೇರೆ ಮಾಡಿ.) ದನದಲ್ಲಿ ಇಷ್ಟು ಬೇಗ ಗೊತ್ತಾಗುವುದಿಲ್ಲ. ಕರು ಸಣಕಲು, ಹಾಲು ಸ್ವಲ್ಪ ಕಡಿಮೆ, ಗಬ್ಬ ನಿಲ್ಲುತ್ತಿಲ್ಲ, ಹೀಗೆ ಮೆಲ್ಲಗೆ ಬರುತ್ತದೆ. ನಾವು ಹುಲ್ಲನ್ನೋ ದೃಷ್ಟಿಯನ್ನೋ ದೂರುತ್ತೇವೆ.

ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ 'ಚೀಫ್' ಎಂಬ ಎಚ್.ಎಫ್. ಹೋರಿಯ ಕಥೆ ಕೇಳಿ. ಹೆಣ್ಣುಮಕ್ಕಳು ಹಾಲಿನ ಹೊಳೆಯನ್ನೇ ಹರಿಸಿದ್ದರಿಂದ ಎಲ್ಲರೂ ಅದರ ವೀರ್ಯವನ್ನೇ ಬಳಸಿದರು. 16,000 ಹೆಣ್ಣುಮಕ್ಕಳು, ಐದು ಲಕ್ಷ ಮೊಮ್ಮಕ್ಕಳು. ಆದರೆ ಚೀಫ್ ಒಂದು ದೋಷ ಹೊತ್ತಿತ್ತು. ಅದು ಜೋಡಿಯಾದ ಕರು ಹುಟ್ಟುವುದೇ ಇಲ್ಲ, ಗರ್ಭದಲ್ಲೇ ಸಾಯುತ್ತದೆ. ಜಗತ್ತಿನಾದ್ಯಂತ ಸುಮಾರು ಐದು ಲಕ್ಷ ಗರ್ಭ ಹೀಗೆ ಹೋಗಿವೆ ಎಂಬ ಅಂದಾಜಿದೆ. ರೈತರಿಗೆ ಕಂಡದ್ದು 'ಗಬ್ಬ ನಿಲ್ಲಲಿಲ್ಲ' ಎಂಬುದಷ್ಟೇ. ದೋಷದ ಸುಳಿವು ಸಿಕ್ಕಿದ್ದು 2011ರಲ್ಲಿ. ಹಾಲಿನ ಲಾಭ ಈ ನಷ್ಟಕ್ಕಿಂತ ಬಹಳ ದೊಡ್ಡದಿತ್ತೆಂಬುದೂ ನಿಜ. ತಪ್ಪು ಹೋರಿಯದಲ್ಲ, ಎರಡೂ ಕಡೆಯಿಂದ ಅದರ ರಕ್ತವೇ ಸೇರಿದ್ದು.

ನಮ್ಮ ವೀರ್ಯ ಕೇಂದ್ರಗಳಲ್ಲಿ ಎಚ್.ಎಫ್. ಹೋರಿಗಳಿಗೆ ಕೆಲವು ವಂಶರೋಗಗಳ ಪರೀಕ್ಷೆ ಮಾಡುತ್ತಾರೆ. ಎಲ್ಲ ದೋಷಕ್ಕೂ ಪರೀಕ್ಷೆ ಇಲ್ಲ. ಹಾಗಾಗಿ ನಿಮ್ಮ ಕೈಲಿರುವುದು ಹೋರಿಯ ನಂಬರ್. ಅದು ಕಡ್ಡಿಯ ಮೇಲೇ ಅಚ್ಚಾಗಿರುತ್ತದೆ. ಕಾರ್ಯಕರ್ತರು ಕಡ್ಡಿ ಎಸೆಯುವ ಮೊದಲು ಕೇಳಿ ಓದಿಸಿಕೊಳ್ಳಿ, ತಾರೀಖಿನ ಜೊತೆ ಡೇರಿ ಪಾಸ್‌ಬುಕ್ಕಿನ ಹಿಂದೆ ಬರೆದಿಡಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಲಿ ಬರೆಸಿ. ಹೆಣ್ಣುಕರು ಹುಟ್ಟಿ, ಕಿವಿಗೆ 12 ಅಂಕಿಯ ಓಲೆ ಹಾಕಿಸಿದ ದಿನ ಅದರ ಪಕ್ಕ ತಂದೆಯ ನಂಬರ್ ಸೇರಿಸಿ. ಮಣಕ ಬೆದೆಗೆ ಬಂದಾಗ ಆ ನಂಬರ್ ತೋರಿಸಿ, 'ಇದು ಬೇಡ, ಬೇರೆ ಕೊಡಿ' ಎನ್ನಿ. ಹೆಣ್ಣುಕರುವೇ ಹುಟ್ಟಲೆಂದು ಹಾಕಿಸುವ ದುಬಾರಿ ಕಡ್ಡಿಗೂ ಇದೇ ಮಾತು.

ಕೊಟ್ಟಿಗೆಯಲ್ಲೇ ಬೆಳೆಯುವ ಗಂಡುಕರುವಿನ ಮೇಲೂ ಕಣ್ಣಿರಲಿ. ವರ್ಷ ತುಂಬುವಷ್ಟರಲ್ಲಿ ಅದು ತಾಯಿ, ತಂಗಿಯ ಮೇಲೆ ಹಾರಬಲ್ಲದು. ಬೇರೆ ಕಟ್ಟಿ, ಇಲ್ಲವೇ ವೈದ್ಯರಿಂದ ಬೀಜ ಒಡೆಸಿ.

ಹಾಗೆಂದು ಗಬ್ಬ ನಿಲ್ಲದ್ದಕ್ಕೆಲ್ಲ ರಕ್ತಸಂಬಂಧವೇ ಕಾರಣವಲ್ಲ. ಖನಿಜ ಮಿಶ್ರಣದ ಕೊರತೆ, ಗರ್ಭಕೋಶದ ಸೋಂಕು, ಬೆದೆಯ ಹೊತ್ತು ತಪ್ಪುವುದು ಇವೇ ಹೆಚ್ಚು, ಮೊದಲು ವೈದ್ಯರಿಗೆ ತೋರಿಸಿ. ಅಪ್ಪ-ಮಗಳಿಗೆ ಹುಟ್ಟಿದ ಕಡಸು ಈಗಾಗಲೇ ಮನೆಯಲ್ಲಿದ್ದು ಆರೋಗ್ಯವಾಗಿದ್ದರೆ ಮಾರುವ ಅಗತ್ಯವೂ ಇಲ್ಲ. ಸಂಬಂಧವೇ ಇಲ್ಲದ ಹೋರಿಯ ಕಡ್ಡಿ ಹಾಕಿಸಿ, ಹುಟ್ಟುವ ಕರುವಿಗೆ ಈ ತೊಂದರೆ ಅಂಟುವುದಿಲ್ಲ.

ಎಮ್ಮೆ ಇರುವವರು ಊರ ಕೋಣವನ್ನು ಎರಡು-ಮೂರು ವರ್ಷಕ್ಕೊಮ್ಮೆ ದೂರದ ಊರಿನ ಕೋಣದೊಂದಿಗೆ ಬದಲಿಸಿಕೊಳ್ಳಿ. ಪಕ್ಕದೂರಿನದು ಬೇಡ, ಎರಡೂ ಒಂದೇ ಅಪ್ಪನ ಮಕ್ಕಳಿರಬಹುದು.